ಹೋಸ್ಟಿಂಗ್‌ನ ಗಿಟ್ ಸೌಲಭ್ಯ: 7 ತಿಂಗಳು ಬಳಸಿದ ಮೇಲೆ

ದಾವಣಗೆರೆ ಮಂಡಿಪೇಟೆಯ ಒಂದು ಜವಳಿ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವುದು ನಾನು. ಮೊದಲು ಫೈಲ್ ಕಳಿಸುವ ಫೈಲ್‌ಜಿಲ್ಲಾ ತಂತ್ರಾಂಶದಲ್ಲಿ ಒಂದೊಂದೇ ಫೈಲ್ ಸರ್ವರ್‌ಗೆ ಎಳೆದು ಹಾಕುತ್ತಿದ್ದೆ. ದಸರಾಕ್ಕೆ ಮುಂಚೆ ಒಂದು ಸಂಜೆ ಅರ್ಧ ಏರುವಷ್ಟರಲ್ಲಿ ಕರೆಂಟ್ ಹೋಯಿತು. ಪುಟ ಕಟ್ಟುವ ಪಿಎಚ್‌ಪಿ ಫೈಲ್ ಹೊಸದು, ಅದರ ಅಂದ ನೋಡಿಕೊಳ್ಳುವ ಸಿಎಸ್‌ಎಸ್ ಫೈಲ್ ಹಳೆಯದು. ಸೀರೆಗಳ ಬೆಲೆಯೆಲ್ಲ ಚಿತ್ರದ ಮೇಲೆ ಬಂದು ಕೂತಿತ್ತು. ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ ಗಿಟ್; ಮರುದಿನವೇ ಹೋಸ್ಟಿಂಗ್‌ನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನಲ್ಲಿರುವ ‘ಗಿಟ್ ವರ್ಷನ್ ಕಂಟ್ರೋಲ್’ ಹಿಡಿದೆ.

ಹೊಂದಿಸಲು ಒಂದು ಮಧ್ಯಾಹ್ನ ಸಾಕು. ಗಿಟ್‌ಹಬ್ ತಾಣದಲ್ಲಿಟ್ಟ ರೆಪೊಸಿಟರಿ (ಸೈಟ್‌ನ ಫೈಲುಗಳ ಸಂಗ್ರಹ) ಖಾಸಗಿಯಾದರೆ ಹೋಸ್ಟಿಂಗ್‌ನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಪರದೆ) ಎಸ್‌ಎಸ್‌ಎಚ್ ಕೀ, ಅಂದರೆ ಗುರುತಿನ ಡಿಜಿಟಲ್ ಕೀಲಿ ಮಾಡಿ, ಅದರ ಪಬ್ಲಿಕ್ ಭಾಗವನ್ನು ಗಿಟ್‌ಹಬ್‌ನಲ್ಲಿ ‘ಡಿಪ್ಲಾಯ್ ಕೀ’ ಆಗಿ ಸೇರಿಸಬೇಕು. ಬರೆಯುವ ಅನುಮತಿ ಕೊಡಬೇಡಿ, ಓದುವುದಷ್ಟೇ ಸಾಕು. ಒಂದೇ ಕೀ ಎರಡು ರೆಪೊಸಿಟರಿಗೆ ನಡೆಯುವುದಿಲ್ಲ. ಸರ್ವರ್‌ನಲ್ಲಿ ರೆಪೊಸಿಟರಿಯನ್ನು, ಎಲ್ಲರಿಗೂ ಕಾಣುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ನ ಹೊರಗಿಡಿ, ಡೇಟಾಬೇಸ್ ಪಾಸ್‌ವರ್ಡನ್ನು ರೆಪೊಸಿಟರಿಗೆ ಸೇರಿಸಲೇಬೇಡಿ. ಯಾವ ಫೈಲ್ ಎಲ್ಲಿಗೆ ಹೋಗಬೇಕೆಂದು ‘ಡಾಟ್ ಸಿಪ್ಯಾನೆಲ್ ಡಾಟ್ ವೈಎಂಎಲ್’ ಎಂಬ ಫೈಲಿನಲ್ಲಿ ಬರೆದು ಕಮಿಟ್ ಮಾಡಿದರೆ (ಗಿಟ್‌ನಲ್ಲಿ ದಾಖಲಿಸಿದರೆ) ಆಯಿತು.

ನಾನು ಅದರಲ್ಲಿ ಬರೆದಿದ್ದು ಬರೀ ‘ಕಾಪಿ ಮಾಡು’ ಅಂತ. ಯುಗಾದಿ ಮುಗಿದ ಮೇಲೆ ರಿಯಾಯಿತಿ ಪುಟವನ್ನು ರೆಪೊಸಿಟರಿಯಿಂದ ಅಳಿಸಿ, ಮೆನುವಿನಿಂದಲೂ ತೆಗೆದು ಡಿಪ್ಲಾಯ್ ಮಾಡಿದೆ, ಅಂದರೆ ಬದಲಾವಣೆಯನ್ನು ಸೈಟಿಗೆ ಏರಿಸಿದೆ. ನಾಲ್ಕು ದಿನ ಬಿಟ್ಟು ಹರಿಹರದಿಂದ ಬಂದ ಗಿರಾಕಿಯೊಬ್ಬರು ವಾಟ್ಸಾಪ್‌ನಲ್ಲಿದ್ದ ಹಳೇ ಲಿಂಕ್ ಒತ್ತಿ, “ನಿಮ್ ಸೈಟ್‌ನಾಗೇ ಐತಲ್ರೀ” ಅಂದರಂತೆ. ಸಾಹುಕಾರ್ರು ಆ ರೇಟಿಗೇ ಸೀರೆ ಕೊಟ್ಟು ಕಳಿಸಿ ಆಮೇಲೆ ನನಗೆ ಫೋನ್ ಮಾಡಿದರು: “ತೆಗದೀನಿ ಅಂದಿದ್ರಲ್ರೀ, ಇನ್ನೂ ಅಲ್ಲೇ ಐತಿ.”

ತಪ್ಪು ನನ್ನ ಆ ಒಂದು ಸಾಲಿನದು. ಕಾಪಿ ಹೊಸದನ್ನು ತಂದಿಡುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಅದರ ಬದಲು ಎರಡು ಫೋಲ್ಡರ್‌ಗಳನ್ನು ಹೊಂದಿಸುವ ಆರ್‌ಸಿಂಕ್ ಆದೇಶ ಹಾಕಿ, ಜೊತೆಗೆ ‘ಡಿಲೀಟ್’ ಆಯ್ಕೆ ಕೊಡಬೇಕು. ಆದರೆ ಓಡಿಸುವ ಮುಂಚೆ ಟರ್ಮಿನಲ್‌ನಲ್ಲಿ ‘ಡ್ರೈ ರನ್’ (ಏನನ್ನೂ ಬದಲಿಸದ ಪರೀಕ್ಷಾ ಓಟ) ಮಾಡಿ ನೋಡಿ. ನಾನು ಮಾಡಿದಾಗ ಅಳಿಯಲಿರುವವುಗಳ ಪಟ್ಟಿ ಪರದೆ ತುಂಬಿ ಓಡಿತು: ಅಂಗಡಿ ಹುಡುಗರು ಅಡ್ಮಿನ್ ಪುಟದಿಂದ ಏರಿಸಿದ್ದ ಸೀರೆ ಫೋಟೋಗಳೆಲ್ಲ! ಅವು ರೆಪೊಸಿಟರಿಯಲ್ಲಿ ಇಲ್ಲವಲ್ಲ, ಹಾಗಾಗಿ ಆರ್‌ಸಿಂಕ್ ಲೆಕ್ಕದಲ್ಲಿ ಅವೂ ಬೇಡದ ಫೈಲುಗಳೇ. ಆ ಫೋಲ್ಡರನ್ನು ‘ಎಕ್ಸ್‌ಕ್ಲೂಡ್’ ಮಾಡಿದ (ಮುಟ್ಟದಂತೆ ಹೊರಗಿಟ್ಟ) ಮೇಲೆಯೇ ನಿಜವಾಗಿ ಓಡಿಸಿದ್ದು.

ಬದಲಾವಣೆಯನ್ನು ಗಿಟ್‌ಹಬ್‌ಗೆ ಪುಶ್ ಮಾಡಿದ (ಕಳಿಸಿದ) ಮಾತ್ರಕ್ಕೆ ಸೈಟ್ ತಾನಾಗಿ ಬದಲಾಗುವುದಿಲ್ಲ. ‘ಅಪ್‌ಡೇಟ್ ಫ್ರಮ್ ರಿಮೋಟ್’, ಆಮೇಲೆ ‘ಡಿಪ್ಲಾಯ್ ಹೆಡ್ ಕಮಿಟ್’, ಸಿಪ್ಯಾನೆಲ್‌ನ ಈ ಎರಡು ಗುಂಡಿಗಳನ್ನೂ ಒತ್ತಬೇಕು. ಸರ್ವರ್‌ನಲ್ಲಿರುವ ರೆಪೊಸಿಟರಿಯೊಳಗೆ ಯಾರಾದರೂ ನೇರ ಕೈಯಾಡಿಸಿ ಕಮಿಟ್ ಮಾಡದೆ ಬಿಟ್ಟಿದ್ದರೆ ಡಿಪ್ಲಾಯ್ ಆಗುವುದೇ ಇಲ್ಲ. ಕೆಲವರಿಗೆ ಇದು ಕಿರಿಕಿರಿ, ನನಗೆ ಧೈರ್ಯ.

ಹೋಸ್ಟಿಂಗ್‌ನವರ ಸಹಾಯವಾಣಿಯಿಂದ ಮಾತ್ರ ಏನೂ ಉಪಯೋಗ ಆಗಲಿಲ್ಲ. ಕೀ ವಿಚಾರ ಕೇಳಿದರೆ ಎರಡು ಸಲವೂ ಪಾಸ್‌ವರ್ಡ್ ಬದಲಿಸಿ ಎಂದರು.

ಆದರೂ ಇದನ್ನು ಬಿಡುವ ಮಾತಿಲ್ಲ. ಕಳೆದ ತಿಂಗಳು ರಾತ್ರಿ 9ರ ಹೊತ್ತಿಗೆ ಹೊಸ ವಾಟ್ಸಾಪ್ ಗುಂಡಿ ಬೆಲೆಯನ್ನೇ ಮುಚ್ಚಿಬಿಟ್ಟಿತು. ಕೊನೆಯ ಬದಲಾವಣೆ ರದ್ದು ಮಾಡುವ ಗಿಟ್ ರಿವರ್ಟ್, ಪುಶ್, ಆ ಎರಡು ಗುಂಡಿ. ಊಟದ ತಟ್ಟೆ ಆರುವ ಮುಂಚೆ ಸೈಟ್ ಮೊದಲಿನಂತಿತ್ತು. ಮುಂದಿನ ವಾರ ಚನ್ನಗಿರಿಯ ಒಂದು ಅಡಿಕೆ ಮಂಡಿಯ ಸೈಟನ್ನೂ ಇದಕ್ಕೇ ತರುತ್ತಿದ್ದೇನೆ. ಅದರ ಫೋಟೋ ಫೋಲ್ಡರ್‌ನ ಹೆಸರನ್ನು ‘ಎಕ್ಸ್‌ಕ್ಲೂಡ್’ ಸಾಲಿನಲ್ಲಿ ಈಗಲೇ ಬರೆದಿಟ್ಟಾಗಿದೆ.