ಮತ್ತೆ ಮತ್ತೆ ಕೊಂಡ ನೂಡಲ್ಸ್: ಏಷ್ಯಾದ ಪ್ಯಾಕೆಟ್‌ಗಳ ಬಗ್ಗೆ ಒಬ್ಬ ಹಳೆಯ ಗಿರಾಕಿಯ ಮಾತು

ಇನ್‌ಸ್ಟಂಟ್ ನೂಡಲ್ಸ್ ಕುರಿತ ವಿಮರ್ಶೆಗಳಲ್ಲಿ ಬಹುಪಾಲು ಮೊದಲ ತುತ್ತಿನ ವಿಮರ್ಶೆಗಳು. ಪ್ಯಾಕೆಟ್ ಒಡೆದು, ಬೇಯಿಸಿ, ನಾಲ್ಕು ಎಳೆ ಬಾಯಿಗಿಟ್ಟು ಅಂಕ ಕೊಟ್ಟುಬಿಡುತ್ತಾರೆ. ಉಪ್ಪು, ಎಣ್ಣೆ, ಖಾರ ಮೂರೂ ಒಟ್ಟಿಗೆ ನಾಲಿಗೆಗೆ ಬಿದ್ದರೆ ಮೊದಲ ತುತ್ತು ರುಚಿಸದೆ ಏನು ಮಾಡೀತು? ಬಟ್ಟಲು ಅರ್ಧ ಖಾಲಿಯಾಗಿ, ಸಾರು ಆರತೊಡಗಿ, ಎಳೆ ನೀರು ಕುಡಿದು ಊದಿಕೊಳ್ಳುವ ಹೊತ್ತಿಗೆ ಅದರ ನಿಜವಾದ ಗುಣ ಬಯಲಾಗುತ್ತದೆ. ಅದಕ್ಕಿಂತಲೂ ಕಟುವಾದ ಪರೀಕ್ಷೆ ಇನ್ನೊಂದಿದೆ: ಮುಗಿದ ಮೇಲೆ ಮತ್ತೆ ಕೈಯಿಂದ ದುಡ್ಡು ಕೊಟ್ಟು ತರುತ್ತೇವೆಯೇ? ಬೆಂಗಳೂರಿನ ಆಮದು ದಿನಸಿ ಅಂಗಡಿಗಳಲ್ಲಿ ಸಿಗುವ ಕೊರಿಯಾ, ಇಂಡೋನೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ನೂಡಲ್ಸ್‌ಗಳನ್ನು ವರ್ಷಗಳಿಂದ ತರಿಸಿ ತಿನ್ನುತ್ತಿರುವವನ ಅನುಭವ ಇದು. ಕೊಳ್ಳುವುದು ನನ್ನದೇ ದುಡ್ಡಿನಿಂದ, ಆದ್ದರಿಂದ ಮುಲಾಜಿಲ್ಲ.

ಎರಡೂ ಪರೀಕ್ಷೆಗಳಲ್ಲಿ ಸಲೀಸಾಗಿ ಮೊದಲು ಬಂದದ್ದು ಇಂಡೋನೇಷ್ಯಾದ ಇಂಡೋಮಿ ಮಿ ಗೊರೆಂಗ್. 1980ರ ದಶಕದ ಆರಂಭದಲ್ಲಿ ಬಂದ, ಈಗ ಇಂಡೋಫುಡ್ ಕಂಪನಿ ತಯಾರಿಸುವ ಈ ನೂಡಲ್ಸ್‌ನಲ್ಲಿ ಸಾರು ಇರುವುದಿಲ್ಲ. ಮೂರು ನಿಮಿಷ ಬೇಯಿಸಿ, ನೀರು ಬಸಿದು, ಮಸಾಲೆಯೊಂದಿಗೆ ಕಲಸಬೇಕು ಅಷ್ಟೆ. ಮಸಾಲೆ ಪುಡಿ, ಖಾರ, ಈರುಳ್ಳಿಯ ಘಮದ ಎಣ್ಣೆ, ಸಿಹಿಯಾದ ದಪ್ಪ ಸೋಯಾ ಸಾಸ್, ಹುರಿದ ಸಣ್ಣ ಈರುಳ್ಳಿ ಎಲ್ಲವೂ ಬೇರೆ ಬೇರೆಯಾಗಿ ಬರುತ್ತವೆ. ಸಾರಿಗೂ ಪಲ್ಯಕ್ಕೂ ಬೆಲ್ಲ ಹಾಕುವ ನಮ್ಮ ಮನೆಯವರಿಗೆ ಆ ಸಿಹಿ ವಿಚಿತ್ರವೆನಿಸಲೇ ಇಲ್ಲ. ನೂಡಲ್ಸ್ ಎಂದರೆ ಮೂಗು ಮುರಿಯುತ್ತಿದ್ದ ನನ್ನ ಅತ್ತೆಯವರೂ ಈಗ ಶನಿವಾರ ಸಂಜೆ, ‘ಆ ಕಪ್ಪು ಸಾಸಿನದು ಇದೆಯೇನಪ್ಪಾ?’ ಎಂದು ಕೇಳುತ್ತಾರೆ.

ಇದನ್ನು ಮಾಡುವುದರಲ್ಲಿ ಒಂದು ಕ್ರಮವಿದೆ. ನೀರು ಕುದಿಯುತ್ತಿರುವಾಗಲೇ ಪುಡಿ, ಎಣ್ಣೆ, ಸಾಸ್‌ಗಳನ್ನು ತಟ್ಟೆಗೆ ಹಾಕಿ ಚಮಚದಿಂದ ಬೆರೆಸಿಡಬೇಕು. ಸಾಸ್ ಸ್ಯಾಷೆಯನ್ನು ಚಮಚದ ಬೆನ್ನಿನಿಂದ ಬುಡದಿಂದ ಬಾಯಿಯವರೆಗೆ ಒತ್ತಿಕೊಂಡು ಬರದಿದ್ದರೆ ಕಾಲು ಭಾಗ ಒಳಗೇ ಉಳಿಯುತ್ತದೆ. ನೂಡಲ್ಸನ್ನು ಜರಡಿಗೆ ಸುರಿದು ಒಂದೆರಡು ಬಾರಿ ಒದರಿ, ಇನ್ನೂ ಹಬೆಯಾಡುತ್ತಿರುವಾಗಲೇ ತಟ್ಟೆಗೆ ಹಾಕಿ ಕಲಸಬೇಕು. ಪೂರ್ತಿ ಒಣಗುವವರೆಗೆ ಬಸಿದರೆ ಉಂಡೆಗಟ್ಟುತ್ತದೆ. ಹುರಿದ ಈರುಳ್ಳಿ ಕೊನೆಗೆ, ಬಾಯಿಗಿಡುವ ಮುನ್ನ. ಮೊದಲೇ ಹಾಕಿದರೆ ಅದರ ಗರಿಗರಿ ಹೋಗಿಬಿಡುತ್ತದೆ. ಮೇಲೊಂದು ಹಸಿರು ಸೌತೆಕಾಯಿ, ಬೇಕಾದವರಿಗೆ ಮೊಟ್ಟೆ. ಇದರ ಬಗ್ಗೆ ಇರುವ ತಕರಾರು ಒಂದೇ, ಅದು ಲೋಕಪ್ರಸಿದ್ಧ: ಎಂಬತ್ತು ಗ್ರಾಂ ಆಸುಪಾಸಿನ ಒಂದು ಪ್ಯಾಕೆಟ್ ದೊಡ್ಡವರಿಗೆ ಸಾಲುವುದಿಲ್ಲ, ಎರಡು ಹೆಚ್ಚಾಗುತ್ತದೆ.

ಮ್ಯಾಗಿಯ ಅಭ್ಯಾಸದಿಂದ ಬಂದವರಿಗೆ ಇಲ್ಲೊಂದು ಮಾತು ಹೇಳಬೇಕು. ನೀರು ಇಂಗುವವರೆಗೂ ಬೇಯಿಸುವ ನಮ್ಮ ಪದ್ಧತಿ ಏಷ್ಯಾದ ಬಹುತೇಕ ನೂಡಲ್ಸ್‌ಗಳಿಗೆ ಸಲ್ಲುವುದಿಲ್ಲ. ಅಲ್ಲಿ ಎಳೆಯೇ ಮುಖ್ಯ, ಮಸಾಲೆ ಅದರ ಜೊತೆಗಾರ. ಹಿಟ್ಟಿಗೆ ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್‌ನಂತಹ ಕ್ಷಾರ ಲವಣ ಬೆರೆಸುವುದರಿಂದ ಎಳೆಗೆ ಆ ತಿಳಿಹಳದಿ ಬಣ್ಣ, ಹಲ್ಲಿಗೆ ಸಿಕ್ಕಾಗ ಪುಟಿಯುವ ಗುಣ ಬರುತ್ತದೆ. ಆಮೇಲೆ ಹಬೆಯಲ್ಲಿ ಬೇಯಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಕರಿಯುವಾಗ ನೀರಿನಂಶ ಆವಿಯಾಗಿ ಸಣ್ಣ ರಂಧ್ರಗಳು ಉಳಿಯುತ್ತವೆ. ಕುದಿಯುವ ನೀರು ಆ ದಾರಿಯಲ್ಲೇ ಒಳಗೆ ನುಗ್ಗುವುದರಿಂದ ಎಳೆ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಜಪಾನಿನ ಒಸಾಕಾ ಪ್ರಾಂತ್ಯದ ಇಕೆಡಾದಲ್ಲಿ ಮೊಮೊಫುಕು ಆಂಡೊ ಈ ಉಪಾಯ ಕಂಡುಕೊಂಡು 1958ರ ಆಗಸ್ಟ್‌ನಲ್ಲಿ ಚಿಕನ್ ರಾಮೆನ್ ಮಾರಾಟಕ್ಕಿಟ್ಟರು. ಅವರು ಕಟ್ಟಿದ ನಿಸ್ಸಿನ್ ಕಂಪನಿಯ ಟಾಪ್ ರಾಮೆನ್ ನಮ್ಮ ಜಿಗಣಿಯಲ್ಲೂ ತಯಾರಾಗುತ್ತದೆ ಎಂಬುದು ಬೆಂಗಳೂರಿನ ಎಷ್ಟೋ ಜನರಿಗೆ ಗೊತ್ತಿಲ್ಲ.

ಸಾರಿನ ನೂಡಲ್ಸ್ ಬೇಕೆಂದಾಗ ನನ್ನ ಆಯ್ಕೆ ಕೊರಿಯಾದ ನೊಂಗ್‌ಶಿಮ್ ಕಂಪನಿಯ ಶಿನ್ ರಾಮ್ಯುನ್. 1986ರಿಂದ ಇರುವ ಈ ಕೆಂಪು ಪ್ಯಾಕೆಟ್ 120 ಗ್ರಾಂ ತೂಗುತ್ತದೆ, ಅಂದರೆ ಹೊಟ್ಟೆ ತುಂಬುತ್ತದೆ. ಎಳೆ ದಪ್ಪ ಮತ್ತು ದುಂಡು. ಬೆನ್ನ ಮೇಲೆ ಬರೆದಿರುವುದು 550 ಮಿಲಿಲೀಟರ್ ನೀರು, ನಾಲ್ಕೂವರೆ ನಿಮಿಷ. ನಾನು ನಾಲ್ಕಕ್ಕೇ ಒಲೆ ಆರಿಸುತ್ತೇನೆ, ಏಕೆಂದರೆ ಬಟ್ಟಲಿಗೆ ಬಂದ ಮೇಲೂ ಅದು ಬೇಯುತ್ತಲೇ ಇರುತ್ತದೆ. ಬೇಯುವಾಗ ಇಕ್ಕಳದಿಂದ ಎಳೆಗಳನ್ನು ಆಗಾಗ ಮೇಲೆತ್ತಿ ಗಾಳಿಗೆ ಹಿಡಿದು ಮತ್ತೆ ಬಿಡುವುದು ಕೊರಿಯನ್ನರ ರೂಢಿ. ಹಾಗೆ ಮಾಡಿದಾಗ ಎಳೆ ಹೆಚ್ಚು ಬಿಗಿಯಾಗಿರುತ್ತದೆ ಎಂಬುದು ನನ್ನ ನಾಲಿಗೆಯ ಸಾಕ್ಷಿ. ಸಾರಿನ ಕೆಂಪು ನೋಡಿ ಹೆದರುವವರಿಗೆ ಹೇಳುತ್ತೇನೆ: ಕೊರಿಯಾದ ಮೆಣಸಿನ ಪುಡಿ ನಮ್ಮ ಬ್ಯಾಡಗಿಯ ಜಾತಿಯದು, ಬಣ್ಣ ಮುಂದೆ, ಖಾರ ಹಿಂದೆ. ಗುಂಟೂರು ಮೆಣಸಿನಕಾಯಿ ಕಂಡ ಬಾಯಿಗೆ ಶಿನ್ ದೊಡ್ಡ ಸವಾಲಲ್ಲ. ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ಸೊಪ್ಪು, ಅಣಬೆ, ಒಂದು ಹಿಡಿ ಮೊಳಕೆ ಕಾಳು ಹಾಕಿ ಕುದಿಸಿದರೆ ರಾತ್ರಿಯ ಊಟ ಮುಗಿಯಿತು. ಕೊನೆಯ ಚಮಚದವರೆಗೂ ಸಾರಿನ ಹದ ಕೆಡುವುದಿಲ್ಲ. ಬೆಲೆ ನೂರರ ಆಸುಪಾಸು. ದಿನವೂ ತಿನ್ನುವ ತಿಂಡಿಯಲ್ಲ.

ಕೊರಿಯಾದ ಅತಿ ಖಾರದ ನೂಡಲ್ಸ್ ಬುಲ್ಡಾಕ್ ಬಗ್ಗೆ ಬರೆಯದಿದ್ದರೆ ಕಾಲೇಜು ಹುಡುಗರು ಬಿಡುವುದಿಲ್ಲ. ಸಮ್ಯಾಂಗ್ ಕಂಪನಿ 1963ರಲ್ಲಿ ಕೊರಿಯಾದ ಮೊದಲ ಇನ್‌ಸ್ಟಂಟ್ ನೂಡಲ್ಸ್ ಮಾಡಿದ್ದು, ಬುಲ್ಡಾಕ್ ತಂದದ್ದು 2012ರಲ್ಲಿ. ಐದು ನಿಮಿಷ ಬೇಯಿಸಿ, ಎಂಟು ಚಮಚ ನೀರನ್ನಷ್ಟೇ ಪಾತ್ರೆಯಲ್ಲಿ ಉಳಿಸಿ, ಸಾಸ್ ಸುರಿದು ಅರ್ಧ ನಿಮಿಷ ಹುರಿಯಬೇಕು. ಹುರಿಯುವಾಗ ಕಿಟಕಿ ತೆರೆದಿರಲಿ, ಘಾಟು ಮೂಗಿಗೆ ಹೊಡೆಯುತ್ತದೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಸರ್ಕಾರ ಇದರ ಮೂರು ಬಗೆಗಳನ್ನು ಅತಿ ಖಾರದ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿ, ಮುಂದಿನ ತಿಂಗಳು ಎರಡಕ್ಕೆ ಮತ್ತೆ ಅನುಮತಿ ಕೊಟ್ಟಿತು. ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವ ಕಂಪನಿಗೆ ಸಿಕ್ಕೀತು! ನನ್ನ ತೀರ್ಪು ಸರಳ. ಎಳೆ ಅತ್ಯುತ್ತಮ, ನಾನು ತಿಂದ ಕರಿದ ನೂಡಲ್ಸ್‌ಗಳಲ್ಲೇ ಅತಿ ದಪ್ಪನಾದ, ಪುಟಿಯುವ ಎಳೆ. ಖಾರದ ಹಿಂದೆ ಒಂದು ಸಿಹಿಯೂ ಇದೆ. ಆದರೆ ಅರ್ಧದ ನಂತರ ನಾಲಿಗೆಗೆ ಉಳಿಯುವುದು ಉರಿಯೊಂದೇ. ಹಾಲು, ಚೀಸ್ ಬೆರೆಸಿದರೆ ಹಿತವಾಗುತ್ತದೆ ನಿಜ, ಆದರೆ ಖಾರಕ್ಕೆಂದೇ ಕೊಂಡದ್ದರ ಖಾರ ತಗ್ಗಿಸಲು ಇನ್ನಷ್ಟು ಖರ್ಚು ಮಾಡುವುದು ನನಗೆ ಒಗ್ಗಲಿಲ್ಲ. ಪಂದ್ಯ ಕಟ್ಟುವವರು ಕೊಳ್ಳಲಿ.

ಥಾಯ್ಲೆಂಡಿನ ಮಾಮಾ ಟಾಮ್ ಯಮ್ ಸೀಗಡಿ ರುಚಿಯದು ನಿಂಬೆಹುಲ್ಲಿನ ಪರಿಮಳ, ಹುಳಿ, ಖಾರ ಮೂರನ್ನೂ ಚೊಕ್ಕವಾಗಿ ಹೊಂದಿಸುತ್ತದೆ. ಪ್ಯಾಕೆಟ್ ಮಾತ್ರ ತೀರಾ ಚಿಕ್ಕದು. ವಿಯೆಟ್ನಾಮಿನ ಹಾವ್ ಹಾವ್ ಅದೇ ದಾರಿಯದು, ತುಸು ಸಪ್ಪೆ. ನೇಪಾಳದ ವೈ ವೈ ಬೇರೆಯೇ ವರ್ಗ: ಅದರ ಕಂದು ಎಳೆಗೆ ಕಾರ್ಖಾನೆಯಲ್ಲೇ ಮಸಾಲೆ ಹತ್ತಿರುವುದರಿಂದ ಬೇಯಿಸುವ ಅಗತ್ಯವೇ ಇಲ್ಲ. ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್‌ನ ಮಕ್ಕಳು ಪ್ಯಾಕೆಟ್‌ನೊಳಗೇ ಪುಡಿಮಾಡಿ, ಸ್ಯಾಷೆ ಉದುರಿಸಿ, ಅಲ್ಲಾಡಿಸಿ ತಿನ್ನುತ್ತಾರೆ. ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿದರೆ ಸಂಜೆಯ ಕಾಫಿಗೆ ಜೊತೆ. ಬೇಯಿಸಿದರೆ ನನಗೆ ಸಾಧಾರಣ, ಹಸಿಯಾಗಿ ತಿಂದರೆ ಪೂರ್ಣ ಅಂಕ.

ಕೊಳ್ಳುವ ಮುನ್ನ ಪ್ಯಾಕೆಟ್ಟಿನ ಹಿಂಭಾಗ ಓದುವ ಅಭ್ಯಾಸವಿರಲಿ. ಸಸ್ಯಾಹಾರಿಗಳು ಮುಂಭಾಗದ ಚಿತ್ರವನ್ನು ನಂಬುವಂತಿಲ್ಲ. ಕೊರಿಯಾದ ಮೂಲ ಶಿನ್‌ನಲ್ಲಿ ದನದ ಮಾಂಸದ ಅಂಶವಿರುತ್ತದೆ, ಸಸ್ಯಾಹಾರಿ ಆವೃತ್ತಿ ಬೇರೆ ಸಿಗುತ್ತದೆ. ತರಕಾರಿ ಚಿತ್ರವಿದ್ದೂ ಸೀಗಡಿ, ಮೀನಿನ ಪುಡಿ ಇರುವ ಪ್ಯಾಕೆಟ್‌ಗಳು ಬೇಕಾದಷ್ಟಿವೆ. ಹಸಿರು ಚುಕ್ಕೆ ಕಂಡರಷ್ಟೇ ಬುಟ್ಟಿಗೆ ಹಾಕಿ. ಇನ್ನು ಉಪ್ಪು. ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸಾರಿನ ನೂಡಲ್ಸ್‌ನ ಒಂದೇ ಪ್ಯಾಕೆಟ್ 1,500 ದಾಟುವುದು ಸಾಮಾನ್ಯ. ಅದರ ಬಹುಭಾಗ ಇರುವುದು ಪುಡಿಯಲ್ಲಿ. ಹಾಗಾಗಿ ನಮ್ಮ ಮನೆಯಲ್ಲಿ ಮೂರನೇ ಎರಡರಷ್ಟು ಪುಡಿ ಮಾತ್ರ ಬೀಳುತ್ತದೆ, ಉಳಿದದ್ದು ಮರುದಿನದ ಎಗ್ ರೈಸ್‌ಗೆ.

ದಿನಾಂಕದ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಮೂಗು ಹೆಚ್ಚು ನಂಬಿಕಸ್ಥ. ಕರಿದ ನೂಡಲ್ಸ್‌ನಲ್ಲಿರುವ ಎಣ್ಣೆ ಹಳಸುತ್ತದೆ, ಬಿಸಿಲಿನಲ್ಲಿಟ್ಟರೆ ಬೇಗ. ಒಂದು ಆನ್‌ಲೈನ್ ಅಂಗಡಿ ಐದರ ಕಟ್ಟನ್ನು ಅರ್ಧ ಬೆಲೆಗೆ ಕೊಟ್ಟಾಗ ತಯಾರಿಕೆಯ ದಿನಾಂಕದ ಮೇಲೆ ಅವರದೇ ಆಮದು ಚೀಟಿ ಅಂಟಿತ್ತು. ಕಿತ್ತು ನೋಡಿದರೆ ಅವಧಿಗೆ ಉಳಿದಿದ್ದುದು ಹತ್ತೇ ದಿನ. ಒಡೆದರೆ ಹಳೆಯ ಎಣ್ಣೆಯ ಕಮಟು ವಾಸನೆ. ಹಣ ವಾಪಸ್ ಬಂತು, ಮೂರು ಬಾರಿ ಫೋನ್ ಮಾಡಿದ ಮೇಲೆ. ಹೊಸ ಬಗೆಯನ್ನು ಬಿಡಿಯಾಗಿ ಕೊಂಡು ನೋಡಿ, ಕಟ್ಟು ಆಮೇಲೆ.

ಇಲ್ಲಿ ಕೊಳ್ಳದೆ ಬಂಧುಗಳಿಂದ ತರಿಸಿಕೊಳ್ಳುವುದು ಒಂದನ್ನು ಮಾತ್ರ: ಸಿಂಗಪುರದ ಪ್ರೈಮಾ ಟೇಸ್ಟ್ ಕಂಪನಿಯ ಲಕ್ಸಾ, ಅಂದರೆ ತೆಂಗಿನಹಾಲಿನ ಖಾರದ ಸಾರಿನ ನೂಡಲ್ಸ್. ಇದರ ಎಳೆಯನ್ನು ಕರಿದಿರುವುದಿಲ್ಲ, ಗಾಳಿಯಲ್ಲಿ ಒಣಗಿಸಿರುತ್ತಾರೆ, ಆದ್ದರಿಂದ ಏಳು ನಿಮಿಷ ಬೇಯಬೇಕು. ಮಸಾಲೆ ಪುಡಿಯ ಬದಲು ರುಬ್ಬಿದ ಮಸಾಲೆ, ಜೊತೆಗೆ ತೆಂಗಿನಹಾಲಿನ ಪುಡಿ. ಸೀಗಡಿ ಇರುವುದರಿಂದ ಅತ್ತೆಯವರಿಗೆ ಇದರಲ್ಲಿ ಪಾಲಿಲ್ಲ. ದುಬಾರಿ ಹೌದು, ಆದರೆ ಅಲ್ಲಿಂದ ಬರುವವರು ‘ಏನು ತರಲಿ?’ ಎಂದರೆ ನಾನು ಚಾಕೊಲೇಟ್ ಕೇಳುವುದಿಲ್ಲ.