ಹೊಸ ವರ್ಷನ್ ಹಾಕಿಕೊಂಡೆ, ಐಶ್ವರ್ಯ ಒಡೆದುಹೋಯಿತು

ಅರಸೀಕೆರೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ಇಷ್ಟೇ ಕೆಲಸ. ಎರಡು ಕಂಪ್ಯೂಟರ್, ಕೈಕೆಲಸಕ್ಕೆ ಒಬ್ಬ ಹುಡುಗ. ವಿಡಿಯೋ ಎಡಿಟಿಂಗಿಗೆ ಒಂದೇ ಸಾಫ್ಟ್‌ವೇರಿನ ಹಳೇ ವರ್ಷನ್ನನ್ನು ಏಳು ವರ್ಷ ಓಡಿಸಿದ್ದೆ. ಒಂದು ಸಲ ದುಡ್ಡು ಕೊಟ್ಟಿದ್ದು. ಆಮೇಲೆ ಅದು ಕೇಳಲಿಲ್ಲ, ನಾನು ಕೊಡಲಿಲ್ಲ. ಈಗ ಅದರ ಹೊಸ ವರ್ಷನ್ನಿಗೆ ಬಂದು ಒಂದೂವರೆ ತಿಂಗಳಾಯಿತು. ಕಂಪನಿ ಹೆಸರು ಬೇಡ ಬಿಡಿ, ಆಗಿದ್ದು ಹೇಳುತ್ತೇನೆ.

ಬದಲಾಯಿಸಬೇಕಾಗಿ ಬಂದಿದ್ದು ಐಫೋನಿನಿಂದ. ಮದುಮಗಳ ತಮ್ಮ, ಚಿಕ್ಕಪ್ಪನ ಮಗ ಎಲ್ಲರೂ ತಾವು ತೆಗೆದ ಕ್ಲಿಪ್ ತಂದು, 'ಇದನ್ನೂ ಸೇರಿಸಿ ಅಣ್ಣಾ' ಎನ್ನುತ್ತಾರೆ. 2017ರಿಂದೀಚೆಗೆ ಐಫೋನ್‌ಗಳು ಎಚ್.265 ಎಂಬ ರೀತಿಯಲ್ಲಿ ವಿಡಿಯೋ ಉಳಿಸುತ್ತವೆ. ಫೈಲು ಚಿಕ್ಕದು, ಆದರೆ ನನ್ನ ಹಳೇ ವರ್ಷನ್ನಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಒಂದೊಂದೇ ಕ್ಲಿಪ್ಪನ್ನು ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಸಾಫ್ಟ್‌ವೇರಿಗೆ ಹಾಕಿ, ಹಳೇ ರೀತಿಯಾದ ಎಚ್.264ಕ್ಕೆ ತಿರುಗಿಸಿ ಸಾಕಾಗಿತ್ತು. ಹೊಸದು ನೇರವಾಗಿ ತೆಗೆದುಕೊಳ್ಳುತ್ತದೆ ಅಂದರು. ಅದೇನೋ ನಿಜ, ತೆಗೆದುಕೊಳ್ಳುತ್ತದೆ.

ನನ್ನ ತಪ್ಪೂ ಇದೆ. ಇಂಥ ಕೆಲಸಕ್ಕೆ ಆಷಾಢ ಇದೆ. ಆಗ ಮದುವೆ ಇಲ್ಲ, ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತಾ ಕೂತಿರುತ್ತೇವೆ. ನಾನು ಹಾಕಿಕೊಂಡಿದ್ದು ವೈಶಾಖದಲ್ಲಿ, ಮೂರು ಮದುವೆ ಅರ್ಧಕ್ಕೆ ನಿಂತಿರುವಾಗ.

ಮೊದಲ ದಿನ ಹಳೇ ಪ್ರಾಜೆಕ್ಟ್ ತೆರೆದೆ. 'ಹೊಸ ರೂಪಕ್ಕೆ ಬದಲಾಯಿಸಲೇ?' ಎಂದು ಕೇಳಿತು, ಹ್ಞೂಂ ಅಂದೆ. ತೆರೆದರೆ, ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಅರ್ಧ ಕೆಂಪು ಕೆಂಪು. ಹೂವಿನ ಎಸಳು ಉದುರುವ ಎಫೆಕ್ಟಿಗೆ ಬೇರೆಯಾಗಿ ಸೇರಿಸಿಕೊಂಡಿದ್ದ ಪ್ಲಗಿನ್ ಇಲ್ಲಿ ಕೆಲಸ ಮಾಡುವುದಿಲ್ಲವಂತೆ. ನನಗೇನೂ ಆ ಎಸಳಿನ ಮೇಲೆ ಪ್ರೀತಿ ಇಲ್ಲ, ಆದರೆ ನಮ್ಮ ಕಡೆ ಆರತಕ್ಷತೆಯಲ್ಲಿ ಹೂ ಉದುರದಿದ್ದರೆ ದುಡ್ಡು ಉದುರುವುದಿಲ್ಲ. ಕೀಬೋರ್ಡಿನಲ್ಲಿ ನಾನು ಇಟ್ಟುಕೊಂಡಿದ್ದ ಶಾರ್ಟ್‌ಕಟ್‌ಗಳೆಲ್ಲ ಹೋಗಿದ್ದವು. ಕತ್ತರಿಸಲು ಒತ್ತಿದರೆ ಝೂಮ್ ಆಗುತ್ತಿತ್ತು. ಮನೆಯವರು ತವರಿಗೆ ಹೋದಾಗ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಹುಡುಕುತ್ತೇವಲ್ಲ, ಹಾಗಾಯಿತು ನನ್ನ ಪಾಡು.

ದೊಡ್ಡ ಪೆಟ್ಟು ಬಿದ್ದಿದ್ದು ಕನ್ನಡಕ್ಕೆ. ಏಳು ವರ್ಷದಿಂದ ನನ್ನ ಟೈಟಲ್‌ಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿದ್ದವು. ಆ ಫಾಂಟುಗಳ ಗುಟ್ಟು ಗೊತ್ತಲ್ಲ? ಕಂಪ್ಯೂಟರಿನ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರಗಳೇ, ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಹೊಸ ವರ್ಷನ್ ಆ ಫಾಂಟನ್ನು ಗುರುತಿಸದೆ ತನ್ನದೊಂದು ಇಂಗ್ಲಿಷ್ ಫಾಂಟ್ ಹಾಕಿಕೊಂಡಿತು. 'ಶುಭ ವಿವಾಹ' ಇದ್ದ ಜಾಗದಲ್ಲಿ ತಲೆಯ ಮೇಲೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳ ಸಾಲು.

ಆಗಲಿ, ಎಲ್ಲವನ್ನೂ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡವೇ ಆಗಿರುವ ರೀತಿಯಲ್ಲಿ, ಮತ್ತೆ ಬರೆಯೋಣ ಎಂದು ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಂಡೆ. ಉಚಿತ, ಚೆನ್ನಾಗಿದೆ. ಮದುಮಗಳ ಹೆಸರು ಐಶ್ವರ್ಯ ಎಂದು ಟೈಪ್ ಮಾಡಿದೆ. ತೆರೆಯ ಮೇಲೆ ಬಂದಿದ್ದು 'ಐಶ್‌ವರ್‌ಯ'. ಒತ್ತು ಒಂದೂ ಕೆಳಗೆ ಇಳಿಯಲಿಲ್ಲ. ಅರ್ಕಾವತ್ತಂತೂ ಇಲ್ಲವೇ ಇಲ್ಲ. ಫಾಂಟ್ ಬದಲಾಯಿಸಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ಊಹೂಂ. ಅದೇ ಹೊತ್ತಿಗೆ ಮದುಮಗನ ಅಪ್ಪ ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದರು. ಕನ್ನಡಕ ಸರಿಮಾಡಿಕೊಂಡು ಓದಿದರು.

'ಏನಪ್ಪಾ ಇದು, ನಮ್ಮ ಸೊಸೆ ಹೆಸರನ್ನು ಮೂರು ತುಂಡು ಮಾಡಿದ್ದೀಯ?'

ಅವರಿಗೆ ಕಾಫಿ ತರಿಸಿ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಸಿಕ್ಕಿತು. ಸೆಟ್ಟಿಂಗಿನೊಳಗೆ ಅಕ್ಷರ ಜೋಡಿಸುವ ರೀತಿ ಆರಿಸುವ ಒಂದು ಜಾಗ ಇದೆ. ಅದು ಯುರೋಪಿನ ಭಾಷೆಗಳಿಗೆ ಇಟ್ಟಿತ್ತು. ಭಾರತದ ಭಾಷೆಗಳ ಕಡೆಗೆ ತಿರುಗಿಸಿ ಟೈಟಲ್ ಹೊಸದಾಗಿ ಹಾಕಿದ ಮೇಲೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತವು. ಇಷ್ಟನ್ನು ಸಾಫ್ಟ್‌ವೇರೇ ಮೊದಲು ಕೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು? ಹೆಲ್ಪ್ ಚಾಟಿನಲ್ಲಿ ಇದ್ದವರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಕ್ಯಾಶ್ (ಸಾಫ್ಟ್‌ವೇರ್ ಕೂಡಿಟ್ಟ ತಾತ್ಕಾಲಿಕ ಫೈಲು) ಅಳಿಸಿ, ಮತ್ತೆ ಶುರು ಮಾಡಿ, ಇದನ್ನೇ ಮೂರು ಸಲ ಹೇಳಿದರು.

ಒಳ್ಳೆಯದನ್ನೂ ಹೇಳಬೇಕು. ಇದರಲ್ಲಿ ಮಾತಿನ ಹಿಂದಿನ ಗದ್ದಲ ತೆಗೆಯುವ ಹೊಸ ಸೌಲಭ್ಯ ಇದೆ. ಛತ್ರದ ಹೊರಗಿನ ಜನರೇಟರ್ ಸದ್ದು ಪೂರ್ತಿ ಮಾಯ, ಪುರೋಹಿತರ ಮಂತ್ರ ಒಂದೊಂದು ಅಕ್ಷರವೂ ಕೇಳಿಸಿತು. ಖುಷಿಯಾಗಿ ಇಡೀ ಧಾರೆಗೆ ಹಾಕಿಬಿಟ್ಟೆ. ಆಮೇಲೆ ನೋಡಿದರೆ ಅದು ವಾಲಗವನ್ನೂ ಗದ್ದಲ ಅಂತ ಲೆಕ್ಕ ಹಾಕಿದೆ! ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೈ ಎತ್ತುತ್ತಾರೆ, ಡೋಲಿನವನು ಮೈಮರೆತು ಬಾರಿಸುತ್ತಿದ್ದಾನೆ, ನಾದಸ್ವರದವರ ಕೆನ್ನೆ ಉಬ್ಬಿದೆ, ಸದ್ದೇ ಇಲ್ಲ. ತಾಳಿ ಮೌನವಾಗಿ ಬಿತ್ತು. ನಾನು, ನಮ್ಮ ಹುಡುಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಂತ್ರಕ್ಕೆ ಮಾತ್ರ ಇಟ್ಟು, ಗಟ್ಟಿಮೇಳದ ಭಾಗವನ್ನು ಕತ್ತರಿಸಿ ಮೂಲ ಸದ್ದನ್ನೇ ಹಾಕಿದೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನದು 16 ಜಿಬಿ ರ‍್ಯಾಮ್. ಕ್ಯಾಮೆರಾದ 10 ಬಿಟ್ 4ಕೆ ಭಾರದ ಕ್ಲಿಪ್ಪುಗಳು ತಡವರಿಸುತ್ತವೆ, ಪ್ರಾಕ್ಸಿ, ಅಂದರೆ ಅವುಗಳ ಹಗುರ ನಕಲು, ಮಾಡಿಕೊಂಡೇ ಕೆಲಸ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಎಡಿಟ್ ಮಾಡಬಹುದು, ಮಧ್ಯೆ ಕರೆಂಟ್ ಹೋಗದಿದ್ದರೆ.

ಬೇಸತ್ತು ಎರಡನೇ ದಿನ ಹಳೆಯದಕ್ಕೇ ವಾಪಸ್ ಹೋಗೋಣ ಅಂದುಕೊಂಡಿದ್ದೆ. ಆಗುವುದಿಲ್ಲ. ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಳೇ ಕಾಪಿ ಇತ್ತು, ಆದರೆ ಎರಡು ದಿನದ ಕೆಲಸ ಹೊಸದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಇನ್ನೂ ಹಳೆಯದೇ ಇದೆ, ಹಾಗಾಗಿ ನಾನು ಕತ್ತರಿಸಿದ್ದನ್ನು ನಮ್ಮ ಹುಡುಗನ ಕೈಗೆ ಕೊಡುವಂತಿಲ್ಲ. ಮೊದಲು ಅವನು ಆಲ್ಬಮ್ ಹಾಡು ಕತ್ತರಿಸುತ್ತಿದ್ದ, ನಾನು ಮುಹೂರ್ತ ನೋಡುತ್ತಿದ್ದೆ. ಈಗ ನಾನು ಎರಡೂ ಮಾಡುತ್ತೇನೆ, ಅವನು 'ಅಣ್ಣ, ಟೀ ತರಲಾ?' ಎನ್ನುತ್ತಾನೆ. ಇದರ ಮೇಲೆ ಈಗ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ ಬೇರೆ. ಆಷಾಢದಲ್ಲಿ ನನಗೆ ಸಂಪಾದನೆ ಇಲ್ಲ, ಆ ತಿಂಗಳೂ ಇದಕ್ಕೆ ಕಟ್ಟಲೇಬೇಕು.

ಐದಕ್ಕೆ ಎರಡೂವರೆ ಸ್ಟಾರ್ ಕೊಡುತ್ತೇನೆ. ಎರಡು ಐಫೋನ್ ಕ್ಲಿಪ್ಪಿಗೆ, ಅರ್ಧ ಮಂತ್ರಕ್ಕೆ. ನೀವೂ ಹಾಕಿಕೊಳ್ಳುವುದಾದರೆ ಕೈಯಲ್ಲಿರುವ ಕೆಲಸ ಮುಗಿಸಿ, ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಇಟ್ಟುಕೊಂಡೇ ಹಾಕಿಕೊಳ್ಳಿ. ಹಾಕಿದ ತಕ್ಷಣ ಯಾವುದಾದರೂ ಒತ್ತಕ್ಷರದ ಹೆಸರು ಟೈಪ್ ಮಾಡಿ ನೋಡಿ. ಐಶ್ವರ್ಯಳ ಪೆನ್‌ಡ್ರೈವ್ ಹನ್ನೆರಡು ದಿನ ತಡವಾಗಿ ಹೋಯಿತು. ಅವರ ಮಾವ ಉಳಿದ ದುಡ್ಡು ಕೊಡುವ ಮುಂಚೆ ಟೈಟಲ್ ಇನ್ನೊಂದು ಸಲ ಹಾಕಿಸಿ ಓದಿದರು.