ಅಡಿಗೆಮನೆ ಗೋಡೆಗೆ ಅಂಟಿಸೋ ಫಾಯಿಲ್ ರೋಲು: ತಗೋಬೋದಾ, ಬೇಡ್ವಾ?

ಆನ್‌ಲೈನಲ್ಲಿ ಈಗ ಎಲ್ಲಿ ನೋಡಿದ್ರೂ ಈ ಅಲ್ಯೂಮಿನಿಯಂ ಫಾಯಿಲ್ ಸ್ಟಿಕ್ಕರ್ ರೋಲೇ, ಮಾರ್ಬಲ್ ಡಿಸೈನು, ಮಧ್ಯೆ ಬಂಗಾರದ ಗೆರೆ, ಆಯಿಲ್ ಪ್ರೂಫು ಹೀಟ್ ಪ್ರೂಫು ಅಂತ ದೊಡ್ಡದಾಗಿ ಬರ್ದಿರ್ತಾರೆ. ಬಾಡಿಗೆ ಮನೇಲಿ ಟೈಲ್ಸ್ ಒಡೆಸೋಕೆ ಓನರ್ ಬಿಡಲ್ಲ, ಬಿಟ್ರೂ ನಮ್ ದುಡ್ಡಲ್ಲಿ ಅವ್ರ ಮನೆ ಯಾಕ್ರೀ ಚೆಂದ ಮಾಡ್ಬೇಕು, ಅದ್ಕೇ ನಾನೂ ಎರಡು ರೋಲ್ ತರಿಸ್ದೆ. ಒಂದೊಂದೂ 60 ಸೆಂಟಿಮೀಟರ್ ಅಗಲ 2 ಮೀಟರ್ ಉದ್ದ, ಅಂದ್ರೆ ಒಂದು ರೋಲಿಗೆ ಹೆಚ್ಚೂಕಮ್ಮಿ 13 ಚದರಡಿ. ನಮ್ಮನೆ ಟೈಲ್ಸ್ ಯಾವ್ದು ಅಂತ ಹೇಳಿದ್ರೆ ನಿಮ್ಗೇ ಗೊತ್ತಾಗುತ್ತೆ, ಕೆನೆ ಬಣ್ಣ, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ಗೊಂಚಲು.

ಐದಕ್ಕೆ ಮೂರು ಕೊಡ್ತೀನಿ, ಆ ಮೂರೂ ಟೈಲ್ಸ್ ಮೇಲೆ ಅಂಟಿಸಿದ್ರೆ ಮಾತ್ರ. ಸುಣ್ಣ ಅಥ್ವಾ ಡಿಸ್ಟೆಂಪರ್ ಹೊಡ್ದಿರೋ ಗೋಡೆಗೆ ಇದು ನಿಲ್ಲೋದೇ ಇಲ್ಲ, ಬಿದ್ದಾಗ ಬಣ್ಣಾನೂ ಕಿತ್ಕೊಂಡೇ ಬೀಳುತ್ತೆ. ಅಂಟಿಸೋಕೆ ಮುಂಚೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಜಿಡ್ಡೆಲ್ಲಾ ತಿಕ್ಕಿ ತೊಳ್ದು, ಸೋಡಾ ಒಂಚೂರೂ ಉಳೀದ ಹಾಗೆ ಒರೆಸಿ, ಪೂರ್ತಿ ಒಣಗಿದ್ಮೇಲೇ ಶುರು ಮಾಡಿ. ಹಿಂದಿನ ಪೇಪರ್ ಒಂದೇ ಸಲ ಕಿತ್ರೆ ಫಾಯಿಲ್ ತನಗೆ ತಾನೇ ಅಂಟ್ಕೊಂಡು ಮುದ್ದೆ ಆಗುತ್ತೆ, ಒಂದು ಗೇಣು ಕೀಳೋದು, ಬಟ್ಟೇಲಿ ಮೇಲಿಂದ ಒತ್ತಿ ಒತ್ತಿ ಇಳಿಸೋದು, ಮತ್ತೆ ಒಂದು ಗೇಣು. ಇಬ್ರು ಇದ್ರೆ ಒಳ್ಳೇದು, ಜಗಳ ಆಡದೇ ಇರೋ ಇಬ್ರು ಇದ್ರೆ ಇನ್ನೂ ಒಳ್ಳೇದು.

ತೊಂದ್ರೆ ಇರೋದು ಸ್ಟೌ ಹಿಂದೆ. ಹೀಟ್ ಪ್ರೂಫ್ ಅಂದಿರೋದು ಆ ಲೋಹದ ಹಾಳೆಗೆ ಅಷ್ಟೇ, ಹಿಂದಿರೋ ಗೋಂದಿಗಲ್ಲ. ದಿನಾ ಒಗ್ಗರಣೆ, ಭಾನುವಾರ ಪೂರಿ, ಆ ಕಾವಿಗೆ ಗೋಂದು ಮೆತ್ತಗಾಗಿ ಅಂಚು ಏಳುತ್ತೆ, ಎದ್ದ ಕಡೆ ಎಣ್ಣೆ ಒಳಗಿಳಿಯುತ್ತೆ, ಆಮೇಲೆ ಜಿರಳೆಗೆ ಅದೇ ಮನೆ. ಸ್ಟೌನ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳ್ದು ಇಟ್ರೆ ವಾಸಿ. ಪಿವಿಸಿ ಸ್ಟಿಕ್ಕರೂ ನೋಡೋಕೆ ಇದೇ ಥರ ಇರುತ್ತೆ, ಅದನ್ನಂತೂ ಸ್ಟೌ ಹತ್ರ ತರ್ಲೇಬೇಡಿ, ಕರಗುತ್ತೆ. ಇನ್ನೊಂದು, ಇದನ್ನ ಯಾವ ಸೆಲ್ಲರೂ ದಪ್ಪಕ್ಷರದಲ್ಲಿ ಹಾಕಲ್ಲ: ಇದು ಅಲ್ಯೂಮಿನಿಯಂ, ಕರೆಂಟ್ ಹರಿಯುತ್ತೆ! ಮಿಕ್ಸಿ ಪಾಯಿಂಟ್, ಸ್ವಿಚ್ ಬೋರ್ಡ್ ಸುತ್ತ ಎರಡು ಬೆರಳು ಜಾಗ ಬಿಟ್ಟು ಕತ್ತರಿಸಿ, ಬೋರ್ಡ್ ಒಳಗಡೆಗೆ ಮಡಚಿ ತುರುಕ್ಬೇಡಿ, ಕೆಲ್ಸ ಮಾಡುವಾಗ ಮೇನ್ ಆಫ್ ಇರ್ಲಿ.

ನನ್ನ ಕೇಳಿದ್ರೆ ಫಾಯಿಲ್‌ಗಿಂತ ಜಾಸ್ತಿ ಬದಲಾವಣೆ ಕಂಡಿದ್ದು ಲೈಟಿಂದ. ಹಳೇ 40 ವ್ಯಾಟ್ ಟ್ಯೂಬ್‌ಲೈಟ್ ತೆಗ್ದು 20 ವ್ಯಾಟ್ ಎಲ್‌ಇಡಿ ಬ್ಯಾಟನ್ ಹಾಕಿದ್ದು, ಅದೂ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳೀದಲ್ಲ, ಸ್ವಲ್ಪ ಹಳದಿ ಕಡೆಗಿರೋ 4000ದ್ದು. 6500ರಲ್ಲಿ ಸಾರು ಕೂಡ ಪೇಷೆಂಟ್ ಥರ ಕಾಣುತ್ತೆ. ಬೆಂಗಳೂರಲ್ಲಿರೋರು ಎಸ್‌ಜೆಪಿ ರೋಡ್ ಕಡೆ ಒಂದು ರೌಂಡ್ ಹೋದ್ರೆ ಲೈಟು, ಹಿಂಜು, ಹ್ಯಾಂಡಲ್ಲು ಎಲ್ಲಾ ಒಂದೇ ಕಡೆ ಸಿಗುತ್ತೆ. ಕಬೋರ್ಡ್ ಬಾಗಿಲು ಜೋತು ಬಿದ್ದಿದ್ರೆ ಹೊಸ ಬಾಗಿಲು ಬೇಡ, ಮೊದ್ಲು ಹಿಂಜಿನ ಸ್ಕ್ರೂ ಟೈಟ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಹಳೇ ಹಿಂಜು ಬಿಚ್ಕೊಂಡು ಅಂಗಡಿಗೇ ತಗೊಂಡ್ಹೋಗಿ. ಸೊನ್ನೆ ಕ್ರ್ಯಾಂಕಾ ಎಂಟಾ, ಅಂದ್ರೆ ಹಿಂಜಿನ ತೋಳು ಎಷ್ಟು ಬಾಗಿದೆ ಅಂತ ಅವ್ರು ನೋಡಿದ ತಕ್ಷಣ ಹೇಳ್ತಾರೆ, ಅದು ತಪ್ಪಿದ್ರೆ ಬಾಗಿಲು ಕೂರೋದೇ ಇಲ್ಲ.

ಟೈಲ್ಸ್ ಜಾಯಿಂಟ್ ಕರ್ರಗಾಗಿದೆ ಅಷ್ಟೇ, ಟೈಲ್ಸ್ ಚೆನ್ನಾಗೇ ಇದೆ ಅನ್ನೋರು ಫಾಯಿಲ್ ಸಹವಾಸಕ್ಕೇ ಹೋಗ್ಬೇಡಿ. ಸಂದಿಲಿರೋ ಹಳೇ ಸಿಮೆಂಟ್ ಗ್ರೌಟ್ ಕೆರ್ದು ಎಪಾಕ್ಸಿ ಗ್ರೌಟ್ ತುಂಬಿ, ಅರಿಶಿನದ ಕಲೆ ಅದಕ್ಕೆ ಸಿಮೆಂಟಿನಷ್ಟು ಇಳಿಯಲ್ಲ. ಆದ್ರೆ ಅದರ ಎರಡು ಭಾಗ, ರೆಸಿನ್ನು ಮತ್ತೆ ಅದನ್ನ ಗಟ್ಟಿ ಮಾಡೋ ಹಾರ್ಡ್ನರ್ರು, ಕಲೆಸಿದ್ಮೇಲೆ ಟೈಮ್ ಕಮ್ಮಿ, ಸ್ವಲ್ಪ ಸ್ವಲ್ಪಾನೇ ಕಲೆಸಿ, ಟೈಲ್ಸ್ ಮೇಲೆ ಮೆತ್ಕೊಂಡಿದ್ದನ್ನ ಆಗಿಂದಾಗ್ಲೇ ಒರೆಸಿ, ಗಟ್ಟಿ ಆದ್ರೆ ಬಿಡಿಸೋದು ಹೆಣಗಾಟ. ಹಾಗೇ ಕಡಪ ಕಲ್ಲಿನ ಕಟ್ಟೆ ಇರೋರು ನಿಂಬೆಹಣ್ಣು, ವಿನಿಗರ್ ಹಾಕಿ ತಿಕ್ಬೇಡಿ, ಅದು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲೆಲ್ಲಾ ಬೆಳ್ಳಗೆ ಮಚ್ಚೆ ಬರುತ್ತೆ. ಸೋಪ್ ನೀರಲ್ಲಿ ತೊಳ್ದು ಒಣಗಿದ್ಮೇಲೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮತ್ತೆ ಕಪ್ಪಗಾಗುತ್ತೆ.

ಫಾಯಿಲ್ಲೇ ಬೇಕು ಅನ್ನೋರು ಬೇಕಾದಷ್ಟು ರೋಲ್ ಒಂದೇ ಆರ್ಡರಲ್ಲಿ ತಗೊಳ್ಳಿ, ಆಮೇಲೆ ತರಿಸಿದ್ದು ಬಣ್ಣ ಮ್ಯಾಚ್ ಆಗದೇ ಇರ್ಬೋದು. ಮಾರ್ಬಲ್ ಗೆರೆ ಜಾಯಿಂಟಲ್ಲಿ ಕೂಡಲ್ಲ, ಪ್ಲೇನ್ ಆದ್ರೆ ಆ ತಲೆನೋವಿಲ್ಲ. ಮನೆ ಖಾಲಿ ಮಾಡುವಾಗ ಹೇರ್ ಡ್ರೈಯರ್ ಹಿಡ್ದು ಬಿಸಿ ಮಾಡಿ ನಿಧಾನಕ್ಕೆ ಎಳೀರಿ, ಉಳಿದ ಗೋಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟು ಒರೆಸಿದ್ರೆ ಹೋಗುತ್ತೆ, ಅಡ್ವಾನ್ಸಲ್ಲಿ ಹಿಡ್ಕೊಳ್ಳೋಕೆ ಓನರ್‌ಗೆ ನೆಪ ಸಿಗಲ್ಲ.